ಬೆಂಗಳೂರು ಬಸ್ಸು ಹತ್ತುವ ಮುಂಚೆ: ಹಾಸನ, ಚಿಕ್ಕಮಗಳೂರು ಕಡೆಯ ಹೆಣ್ಣುಮಕ್ಕಳಿಗೆ ನಟನೆಯ ತಯಾರಿ

ಉಮಾಶ್ರೀ ಅವರ ಪಾತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ದೇವನೂರ ಮಹಾದೇವ ಅವರ ‘ಒಡಲಾಳ’ ರಂಗದ ಮೇಲೆ ಬಂದಾಗ ಅವರು ಸಾಕವ್ವ. ಸಿನಿಮಾದಲ್ಲಿ ವರ್ಷಗಟ್ಟಲೆ ಹಾಸ್ಯದ ಪಾತ್ರಗಳು. ಗಿರೀಶ್ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’ನಲ್ಲಿ ಕರಾವಳಿಯ ಸೂಲಗಿತ್ತಿ, ಅದಕ್ಕೆ ರಾಷ್ಟ್ರಪ್ರಶಸ್ತಿ. 2021ರಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಮೂರು ಹೆಣ್ಣುಮಕ್ಕಳ ತಾಯಿ. ರಂಗಭೂಮಿ, ಸಿನಿಮಾ, ಕಿರುತೆರೆ ಮೂರರಲ್ಲೂ ಅದೇ ನಟಿ. ಆದರೆ ಸಾಕವ್ವನ ಮಾತು ಗುಲಾಬಿಯದಲ್ಲ, ಗುಲಾಬಿಯ ನಡಿಗೆ ಪುಟ್ಟಕ್ಕನದಲ್ಲ. ಎಲ್ಲ ಥರದ ಪಾತ್ರಕ್ಕೂ ಸೈ ಅನ್ನಿಸಿಕೊಳ್ಳುವುದು ಅಂದರೆ ಇದು. ಇದರಲ್ಲಿ ಮುಖದ ಪಾಲು ಕಡಿಮೆ. ನಾಲಿಗೆ, ಉಸಿರು, ಕೈಕಾಲು, ನೆನಪು ಇವುಗಳ ಪಾಲೇ ಹೆಚ್ಚು. ಇವೆಲ್ಲವನ್ನೂ ಊರಲ್ಲೇ ಕೂತು ಪಳಗಿಸಬಹುದು. ಮೊದಲ ಒಂದು ವರ್ಷವನ್ನು ಊರಲ್ಲೇ ಕಳೆಯಿರಿ ಎಂದು ಈ ಬರಹ ಹೇಳುವುದು ಅದಕ್ಕೇ. ತಯಾರಿಯಿಲ್ಲದೆ ಬೆಂಗಳೂರಿಗೆ ಹೋದವರ ಮೊದಲ ವರ್ಷ ಪಿಜಿ ಬಾಡಿಗೆ ಕಟ್ಟುವುದರಲ್ಲೇ ಮುಗಿಯುತ್ತದೆ.

ನಾಲಿಗೆಯಿಂದ ಶುರು

ನಮ್ಮ ಎರಡು ಜಿಲ್ಲೆಗಳಲ್ಲಿ ಇರುವಷ್ಟು ಥರದ ಕನ್ನಡ ಬೇರೆ ಕಡೆ ಇಷ್ಟು ಹತ್ತಿರದಲ್ಲಿ ಸಿಗುವುದು ಕಷ್ಟ. ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆ ಮಂಡ್ಯದ ಗಾಳಿ ಬೀಸುತ್ತದೆ: “ಬತ್ತೀನ್ ಕಣವ್ವ”. ಅರಸೀಕೆರೆ, ಕಡೂರು ಬಯಲುಸೀಮೆ. ಸಕಲೇಶಪುರ, ಮೂಡಿಗೆರೆ ದಾಟಿದರೆ “ಮಾರಾಯ್ತಿ” ಬಂತು. ಶೃಂಗೇರಿ, ಕೊಪ್ಪದ ಮಾತಿನ ಏರಿಳಿತವೇ ಬೇರೆ. ಕಾಫಿ ತೋಟದ ಲೈನುಗಳಲ್ಲಿ, ಅಂದರೆ ಕೆಲಸಗಾರರ ಸಾಲುಮನೆಗಳಲ್ಲಿ, ತಮಿಳು, ತುಳು ಬೆರೆತ ಕನ್ನಡ ಕೇಳಿಸುತ್ತದೆ. ಇದು ನಟಿಯೊಬ್ಬಳಿಗೆ ಪುಕ್ಕಟೆ ಸಿಕ್ಕಿದ ಆಸ್ತಿ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಹುಡುಗಿ ಇದನ್ನು ದುಡ್ಡು ಕೊಟ್ಟು ಕಲಿಯಬೇಕು.

ಆದರೆ ಆಡುಮಾತಿನ ಜೊತೆ ಒಂದು ತೊಡಕೂ ಬರುತ್ತದೆ. ಹಕಾರ ಬಿದ್ದುಹೋಗುತ್ತದೆ, ಅದನ್ನು ಸರಿ ಮಾಡಲು ಹೋಗಿ ಅಕಾರಕ್ಕೂ ಹಕಾರ ಅಂಟಿಕೊಳ್ಳುತ್ತದೆ. ‘ಹಾಸನ’ ‘ಆಸನ’ವಾಗುತ್ತದೆ, ‘ಆಸೆ’ ‘ಹಾಸೆ’ಯಾಗುತ್ತದೆ. ಹಳ್ಳಿ ಪಾತ್ರದಲ್ಲಿ ಇದು ಚೆಂದ. ಲಾಯರ್, ಡಾಕ್ಟರ್, ಅರಸಿ ಪಾತ್ರ ಕೇಳಿಕೊಂಡು ಹೋದ ಕಡೆ ಮೊದಲ ವಾಕ್ಯಕ್ಕೇ ಬಾಗಿಲು ಮುಚ್ಚುತ್ತದೆ. ಬೇಕೆಂದಾಗ ಬಿಡುವುದು, ಬೇಕೆಂದಾಗ ಹಿಡಿಯುವುದು ಎರಡೂ ಬರಬೇಕು.

ದಿನಕ್ಕೆ 20 ನಿಮಿಷದ ಅಭ್ಯಾಸ ಸಾಕು, ಆದರೆ ಒಂದು ದಿನವೂ ತಪ್ಪಬಾರದು. ಮೊದಲ 5 ನಿಮಿಷ ಜೋಡಿ ಪದ: ಹತ್ತು–ಅತ್ತು, ಹಾಡು–ಆಡು, ಹಾರು–ಆರು, ಹರಸು–ಅರಸು. ಮುಂದಿನ 5 ನಿಮಿಷ ಹುಳಿ–ಹುಲಿ, ಬಳೆ–ಬಲೆ, ಕಳೆ–ಕಲೆ. ಅದರ ಜೊತೆ ‘ಶ’ ಮತ್ತು ‘ಸ’ ಸೇರಿದ ಪದಗಳು: ಶಾಸನ, ಸಂಶಯ, ಶಿಸ್ತು. ಅಂಗೈಯನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿದು ಹೇಳಿ. ಹಕಾರಕ್ಕೆ ಬೆಚ್ಚಗಿನ ಗಾಳಿ ಅಂಗೈಗೆ ತಾಗಬೇಕು, ಅಕಾರಕ್ಕೆ ತಾಗಬಾರದು. ಉಳಿದ 10 ನಿಮಿಷ ದಿನಪತ್ರಿಕೆಯ ಸಂಪಾದಕೀಯ ಪುಟದ ಒಂದು ಬರಹವನ್ನು ಗಟ್ಟಿಯಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಅವತ್ತೇ ಕೇಳಬೇಡಿ, ಮರುದಿನ ಕೇಳಿ. ಅವತ್ತೇ ಕೇಳಿದರೆ ಕಿವಿ ನಿಮ್ಮ ಪರ ವಹಿಸುತ್ತದೆ. ಕೇಳುವಾಗ ಪತ್ರಿಕೆ ಕೈಯಲ್ಲಿರಲಿ, ತಪ್ಪಿದ ಅಕ್ಷರಕ್ಕೆ ಸುತ್ತು ಹಾಕಿ. ಒಂದೇ ಅಕ್ಷರ ಮೂರು ದಿನ ಸತತ ತಪ್ಪಿದರೆ ನಾಲ್ಕನೇ ದಿನದ ಅಷ್ಟೂ ಹೊತ್ತು ಅದಕ್ಕೇ.

ಇದು ಒಂದು ಹಂತಕ್ಕೆ ಬಂದ ಮೇಲೆ ಆಡುಮಾತಿನ ಕೆಲಸ. ಸೋಮವಾರ ಸಂತೆಯೋ, ಬಸ್ ಸ್ಟ್ಯಾಂಡೋ, ಆಸ್ಪತ್ರೆಯ ಚೀಟಿ ಸಾಲೋ, ನಿಂತು ಕೇಳಿ. ಕೇಳಿದ ಒಂದು ವಾಕ್ಯ ಬರೆದುಕೊಳ್ಳಿ. ಪದಗಳಷ್ಟೇ ಸಾಲದು, ಯಾವ ಪದದ ಮೇಲೆ ಒತ್ತು ಬಿತ್ತು, ಎಲ್ಲಿ ಉಸಿರು ತೆಗೆದುಕೊಂಡರು, ಮಾತು ಮುಗಿದ ಮೇಲೆ ಬಾಯಿ ಮುಚ್ಚಿತೋ ತೆರೆದೇ ಇತ್ತೋ ಅದೂ ಬೇಕು. ಆಡುಮಾತು ಕಲಿಯುವವರು ಸಾಮಾನ್ಯವಾಗಿ ‘ಕಣ್ಲಾ’, ‘ಮಾರಾಯ್ರೆ’ ಥರದ ಬಾಲಗಳನ್ನು ಅಂಟಿಸಿಬಿಟ್ಟು ಆಯಿತು ಅಂದುಕೊಳ್ಳುತ್ತಾರೆ. ಆ ಊರಿನವರು ಕೇಳಿದ ಕೂಡಲೇ ಹಿಡಿಯುತ್ತಾರೆ, ಯಾಕೆಂದರೆ ಮಾತಿನ ಊರು ಗೊತ್ತಾಗುವುದು ಬಾಲದಿಂದಲ್ಲ, ಲಯದಿಂದ.

ಊರಿನ ರಂಗ ಬಿಡಬೇಡಿ

ಹಾಸನ ಸೀಮೆಯ ಹಳ್ಳಿಗಳಲ್ಲಿ ಇವತ್ತಿಗೂ ಪೌರಾಣಿಕ ನಾಟಕ ಆಡುತ್ತಾರೆ. ಗಂಡಸರ ಪಾತ್ರಗಳಿಗೆ ಊರಿನವರೇ ಬಣ್ಣ ಹಚ್ಚುತ್ತಾರೆ. ದ್ರೌಪದಿ, ಕುಂತಿ, ರುಕ್ಮಿಣಿ ಪಾತ್ರಗಳಿಗೆ ಮಾತ್ರ ಸಂಭಾವನೆ ಕೊಟ್ಟು ಕಲಾವಿದೆಯರನ್ನು ಹೊರಗಿನಿಂದ ಕರೆಸುವುದು ರೂಢಿ. ಓದಿದ ಹುಡುಗಿಯರು ಇದನ್ನು ಕೀಳಾಗಿ ನೋಡುವುದುಂಟು. ನೋಡಬಾರದು. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಜಾವದವರೆಗೆ ನಡೆಯುವ ನಾಟಕದಲ್ಲಿ ಗಂಟಲು ಒಡೆಯದಂತೆ ಕಂದಪದ್ಯ ಹಾಡುವುದು, ಹಾರ್ಮೋನಿಯಂ ಶ್ರುತಿಗೆ ಮಾತು ಹಿಡಿಯುವುದು, ಎದುರಿನ ಪಾತ್ರಧಾರಿ ಮಾತು ಮರೆತಾಗ ಕಥೆ ಕೈಬಿಡದಂತೆ ನಡೆಸುವುದು: ಇದನ್ನು ಯಾವ ಆಕ್ಟಿಂಗ್ ಕ್ಲಾಸೂ ಹೀಗೆ ಕಲಿಸುವುದಿಲ್ಲ. ನಾಟಕದ ಮೇಷ್ಟ್ರ ಬಳಿ ಹೋಗಿ ತಾಲೀಮಿಗೆ ಕೂರಲು ಕೇಳಿ. ಮನೆಯವರನ್ನು ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ವಾಪಸ್ ಬರುವ ವಾಹನ ಮೊದಲೇ ಗೊತ್ತು ಮಾಡಿಕೊಳ್ಳಿ, ಸಂಭಾವನೆಯನ್ನು ಮುಂಚಿತವಾಗಿ ಮಾತಾಡಿಕೊಳ್ಳಿ.

ಇಲ್ಲೊಂದು ಎಚ್ಚರ ಬೇಕು. ಪೌರಾಣಿಕ ನಾಟಕದ ಎಳೆದ ಮಾತು, ಅರಳಿಸಿದ ಕಣ್ಣು, ಎತ್ತಿದ ಕೈ ಕ್ಯಾಮೆರಾ ಮುಂದೆ ಮೂರು ಪಟ್ಟು ದೊಡ್ಡದಾಗಿ ಕಾಣುತ್ತವೆ. ನಾಟಕದ ಹಂಗಾಮು ಮುಗಿದ ಮೇಲೆ ಹದಿನೈದು ದಿನ, ಪಕ್ಕದಲ್ಲಿ ಮಲಗಿದ ಮಗು ಏಳಬಾರದು ಅನ್ನುವಷ್ಟು ಮೆಲ್ಲಗಿನ ದನಿಯಲ್ಲಿ ಅದೇ ಸಂಭಾಷಣೆ ಹೇಳಿ ಅಭ್ಯಾಸ ಮಾಡಿ. ಭಾವ ಅಷ್ಟೇ ಇರಬೇಕು, ದನಿ ಮಾತ್ರ ಇಳಿಯಬೇಕು.

ಹಾಸನದ ಹಾಸನಾಂಬ ಕಲಾಕ್ಷೇತ್ರ, ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲಿ ಹೊರಗಿನ ತಂಡಗಳ ನಾಟಕ ಬಂದಾಗ ತಪ್ಪಿಸಬೇಡಿ. ಎರಡನೇ ದಿನವೂ ಅದೇ ನಾಟಕವಿದ್ದರೆ ಎರಡನೇ ದಿನವೂ ಹೋಗಿ. ಒಂದೇ ದೃಶ್ಯವನ್ನು ನಟಿ ಎರಡು ದಿನ ಹೇಗೆ ಮಾಡಿದಳು, ಏನು ಬದಲಾಯಿತು, ಏನು ಬದಲಾಗಲಿಲ್ಲ ನೋಡಿ. ಹಾಸನದಲ್ಲಿ ಆಕಾಶವಾಣಿ ಕೇಂದ್ರವೂ ಇದೆ. ನಾಟಕ ಕಲಾವಿದರ ಧ್ವನಿಪರೀಕ್ಷೆ ಯಾವಾಗ ಎಂದು ವಿಚಾರಿಸಿ ನೋಡಿ. ಮೈಕಿನ ಮುಂದೆ ಕೇವಲ ದನಿಯಿಂದ ವಯಸ್ಸು, ಊರು, ಕೋಪ ತೋರಿಸಲು ಬಂದರೆ ಮುಂದೆ ಡಬ್ಬಿಂಗಿನಲ್ಲಿ ಅರ್ಧ ಕೆಲಸ ಮುಗಿದ ಹಾಗೆ.

ಕ್ರಮವಾಗಿ ಕಲಿಯಬೇಕೆಂದರೆ ಸುತ್ತಮುತ್ತಲೇ ಒಳ್ಳೆಯ ಶಾಲೆಗಳಿವೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಕಟ್ಟಿದ ನೀನಾಸಮ್‌ನ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ, ಅಲ್ಲೇ ಉಳಿದು ಕಲಿಯುವ ಕೋರ್ಸು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲೂ ರಂಗಶಾಲೆ ಇದೆ, ಕಡೂರು, ತರೀಕೆರೆ ಕಡೆಯವರಿಗೆ ಅದು ಹತ್ತಿರ. ಮೈಸೂರಿನಲ್ಲಿ ಬಿ.ವಿ. ಕಾರಂತರು 1989ರಲ್ಲಿ ಶುರುಮಾಡಿದ ರಂಗಾಯಣ, ಬೆಂಗಳೂರಿನಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ. ಪ್ರವೇಶದ ಸಂದರ್ಶನದಲ್ಲಿ ಸಾಮಾನ್ಯವಾಗಿ ಒಂದು ಸಂಭಾಷಣೆ, ಒಂದು ಹಾಡು ಕೇಳುತ್ತಾರೆ; ಸಿನಿಮಾದ ತುಣುಕು ಒಯ್ಯುವ ಬದಲು ನಾಟಕದ ಸಂಭಾಷಣೆ, ಊರಿನ ಸೋಬಾನೆ ಪದವೋ ಬೀಸುವ ಪದವೋ ಒಯ್ಯಿರಿ. ಮೂರು ತಿಂಗಳಲ್ಲಿ ಹೀರೋಯಿನ್ ಮಾಡುತ್ತೇವೆ ಎನ್ನುವ ಖಾಸಗಿ ಕ್ಲಾಸುಗಳಿಗಿಂತ ಇವುಗಳ ಒಂದು ವರ್ಷ ಎಷ್ಟೋ ಮೇಲು.

ಪಾತ್ರದ ನೋಟ್‌ಬುಕ್

200 ಪುಟದ ಗೆರೆ ಹಾಕಿದ ಪುಸ್ತಕ ಒಂದು ಇಟ್ಟುಕೊಳ್ಳಿ. ಪ್ರತಿ ಪಾತ್ರಕ್ಕೆ ನಾಲ್ಕು ಪುಟ. ಬರೆಯಬೇಕಾದದ್ದು ಪಾತ್ರದ ಸ್ವಭಾವವಲ್ಲ. ‘ಒಳ್ಳೆಯವಳು, ತಾಳ್ಮೆಯವಳು’ ಎಂದು ಬರೆದರೆ ಅದರಿಂದ ಆಡಲು ಏನೂ ಸಿಗುವುದಿಲ್ಲ. ಕಣ್ಣಿಗೆ ಕಾಣುವುದನ್ನು ಬರೆಯಿರಿ: ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತಾಳೆ, ದುಡ್ಡು ಎಲ್ಲಿಡುತ್ತಾಳೆ, ಯಾರು ಬಂದರೆ ಎದ್ದು ನಿಲ್ಲುತ್ತಾಳೆ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾಳೋ ಹೆಗಲ ಮೇಲೆ ಹೊದೆಯುತ್ತಾಳೋ, ಮೈಯಲ್ಲಿ ಯಾವ ಭಾಗ ನೋಯುತ್ತದೆ. ತೋಟದಲ್ಲಿ ಹಣ್ಣು ಕೊಯ್ಯುವವಳಿಗೆ ಭುಜ, ಕುತ್ತಿಗೆ ನೋಯುತ್ತದೆ. ಗದ್ದೆ ನಾಟಿ ಮಾಡುವವಳಿಗೆ ಸೊಂಟ. ಬ್ಯಾಂಕಿನಲ್ಲಿ ಕೂರುವವಳಿಗೆ ಕಣ್ಣು. ನೋಯುವ ಜಾಗ ಗೊತ್ತಾದರೆ ಕೂರುವ ರೀತಿ, ಏಳುವ ರೀತಿ ತಾನಾಗಿ ಬರುತ್ತದೆ.

ಇದಕ್ಕೊಂದು ಅಭ್ಯಾಸವಿದೆ. “ನೀನು ಬಂದ್ಯಾ?” ಎಂಬ ಒಂದೇ ಮಾತು ತೆಗೆದುಕೊಳ್ಳಿ. ಮೂಡಿಗೆರೆಯ ತೋಟದ ಕೆಲಸಗಿತ್ತಿ, ಹೊಳೆನರಸೀಪುರದ ಅಂಗಡಿ ಯಜಮಾನಿ, ಹಾಸನದ ಕಾಲೇಜು ಪ್ರಿನ್ಸಿಪಾಲ್, ಶೃಂಗೇರಿಯ ಎಪ್ಪತ್ತರ ಅಜ್ಜಿ, ನಾಲ್ವರೂ ಅದನ್ನೇ ಹೇಳಲಿ. ನಾಲ್ಕನ್ನೂ ಒಂದರ ಹಿಂದೆ ಒಂದು ರೆಕಾರ್ಡ್ ಮಾಡಿ. ಮನೆಯಲ್ಲಿ ಯಾರಿಗಾದರೂ ಚಿತ್ರ ತೋರಿಸದೆ ದನಿ ಮಾತ್ರ ಕೇಳಿಸಿ, ಯಾರು ಯಾರು ಅಂತ ಕೇಳಿ. ಇಬ್ಬರು ಒಂದೇ ಥರ ಕೇಳಿಸಿದರೆ ಅವರಲ್ಲಿ ಒಬ್ಬರ ಉಸಿರಾಟ ನಿಮಗಿನ್ನೂ ಸಿಕ್ಕಿಲ್ಲ. ಅಜ್ಜಿ ಎಂದ ಕೂಡಲೇ ದನಿ ನಡುಗಿಸಬೇಡಿ. ಎಪ್ಪತ್ತರ ಎಷ್ಟೋ ಅಜ್ಜಿಯರ ದನಿ ಗಟ್ಟಿಯಾಗಿಯೇ ಇರುತ್ತದೆ, ವಾಕ್ಯ ಮಾತ್ರ ಚಿಕ್ಕದಾಗುತ್ತದೆ, ನಡುವೆ ಉಸಿರು ಬರುತ್ತದೆ.

ಸೆಲ್ಫ್ ಟೇಪ್ ಕಳಿಸುವುದು

ಈಗ ಮೊದಲ ಸುತ್ತಿನ ಆಡಿಷನ್ ಬಹುತೇಕ ಫೋನ್ ವಿಡಿಯೊದಲ್ಲೇ ಆಗುತ್ತದೆ. ಇದು ಊರಲ್ಲಿರುವವರಿಗೆ ದೊಡ್ಡ ಅನುಕೂಲ, ಆದರೆ ನೂರಾರು ಟೇಪ್ ನೋಡುವವರು ಸರಿಯಿಲ್ಲದ್ದನ್ನು ಹತ್ತು ಸೆಕೆಂಡಿಗೆ ಬಿಟ್ಟುಬಿಡುತ್ತಾರೆ.

ಬಣ್ಣವಿಲ್ಲದ, ಕ್ಯಾಲೆಂಡರ್ ಇಲ್ಲದ ಗೋಡೆ ಹುಡುಕಿ. ಗೋಡೆಯಿಂದ ಎರಡು ಅಡಿ ಮುಂದೆ ನಿಲ್ಲಿ, ಇಲ್ಲದಿದ್ದರೆ ನೆರಳು ಹಿಂದೆ ಬೀಳುತ್ತದೆ. ಕಿಟಕಿ ನಿಮ್ಮ ಎದುರಿಗಿರಬೇಕು. ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗುತ್ತದೆ. ಬೆಳಿಗ್ಗೆ 8ರಿಂದ 10ರ ಬೆಳಕು ಒಳ್ಳೆಯದು. ಫೋನನ್ನು ಐದಾರು ಅಡಿ ದೂರದಲ್ಲಿ, ನಿಮ್ಮ ಕಣ್ಣಿನ ಎತ್ತರಕ್ಕೆ, ಅಡ್ಡಲಾಗಿ ನಿಲ್ಲಿಸಿ. ಸ್ಟ್ಯಾಂಡ್ ಇಲ್ಲದಿದ್ದರೆ ಪುಸ್ತಕ ಪೇರಿಸಿ. ಹಿಂಬದಿ ಕ್ಯಾಮೆರಾ ಬಳಸಿ, ಲೆನ್ಸ್ ಒರೆಸಿ, ವಿಡಿಯೊ ಗುಣಮಟ್ಟ 1080ಪಿ ಇಟ್ಟುಕೊಳ್ಳಿ. ಪರದೆಯ ಮೇಲೆ ಮುಖವಿರುವ ಕಡೆ ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿ. ಹಾಗೆ ಮಾಡದಿದ್ದರೆ ತಲೆ ಆಡಿಸಿದಾಗೆಲ್ಲ ಬೆಳಕು ಏರಿಳಿಯುತ್ತದೆ. ಬ್ಯೂಟಿ ಫಿಲ್ಟರ್ ಬೇಡವೇ ಬೇಡ.

ಎದುರು ಮಾತು ಹೇಳುವವರು ಫೋನಿನ ಪಕ್ಕಕ್ಕೇ ನಿಲ್ಲಬೇಕು. ನೀವು ಅವರ ಕಣ್ಣು ನೋಡಿ, ಲೆನ್ಸ್ ನೋಡಬೇಡಿ. ಅವರು ಫೋನಿಗೆ ಹತ್ತಿರವಿರುವುದರಿಂದ ದನಿ ತಗ್ಗಿಸಿ ಹೇಳಲಿ. ಇಲ್ಲದಿದ್ದರೆ ಟೇಪಿನಲ್ಲಿ ಅವರ ದನಿಯೇ ಮುಂದಾಗುತ್ತದೆ.

ಶಬ್ದದ್ದೇ ದೊಡ್ಡ ತೊಂದರೆ, ಅದರಲ್ಲೂ ಮಲೆನಾಡಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಮೇಲೆ, ತಗಡಿನ ಶೀಟಿನ ಮೇಲೆ ಮಳೆ ಬೀಳುತ್ತಿದ್ದರೆ ಎಂಥ ನಟನೆಯೂ ಕೇಳಿಸದು. ತಾರಸಿ ಇರುವ ಮನೆಯ ಒಳಕೋಣೆ ಹುಡುಕಿಕೊಳ್ಳಿ, ಫ್ಯಾನ್, ಫ್ರಿಜ್ ಆರಿಸಿ, ನೆಲಕ್ಕೆ ಕಂಬಳಿ ಹಾಸಿ, ಬಾಗಿಲಿಗೆ ದಪ್ಪ ಬೆಡ್‌ಶೀಟ್ ನೇತುಹಾಕಿ. ಖಾಲಿ ಕೋಣೆಯ ಗುಂಯ್ ಎನ್ನುವ ಪ್ರತಿಧ್ವನಿ ಅರ್ಧ ಕಡಿಮೆಯಾಗುತ್ತದೆ.

ಮೊದಲು ಪರಿಚಯ: ಹೆಸರು, ವಯಸ್ಸು, ಎತ್ತರ, ಊರು, ಬರುವ ಭಾಷೆಗಳು. ನೇರ ಮುಖ, ಎಡ ಪಕ್ಕ, ಬಲ ಪಕ್ಕ, ಕೈಗಳು, ಪೂರ್ತಿ ನಿಲುವು. 30 ಸೆಕೆಂಡಿನಲ್ಲಿ ಮುಗಿಸಿ. ಆಮೇಲೆ ದೃಶ್ಯ, 90 ಸೆಕೆಂಡ್ ಮೀರದಂತೆ. ಒಂದೇ ದೃಶ್ಯಕ್ಕೆ ಎರಡು ಟೇಕ್ ಕಳಿಸುವುದಾದರೆ ಎರಡೂ ನಿಜವಾಗಿ ಬೇರೆ ಇರಬೇಕು: ಒಂದರಲ್ಲಿ ಸಿಟ್ಟು ಹೊರಗೆ, ಇನ್ನೊಂದರಲ್ಲಿ ಸಿಟ್ಟು ನುಂಗಿಕೊಂಡು. ವಾಟ್ಸಾಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಕುಗ್ಗಿ ಮಸುಕಾಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಫೈಲಿನ ಹೆಸರಲ್ಲಿ ನಿಮ್ಮ ಹೆಸರು, ಪಾತ್ರದ ಹೆಸರು ಇರಲಿ. ಕರೆಂಟ್, ನೆಟ್‌ವರ್ಕ್ ಕೈಕೊಡುವ ಊರಾದರೆ ಕೊನೆಯ ದಿನದವರೆಗೆ ಕಾಯಬೇಡಿ.

ಫೋಟೊ ಆರು ಸಾಕು: ಮೇಕಪ್ ಇಲ್ಲದ ನೇರ ಮುಖ, ನಗು, ಎರಡೂ ಪಕ್ಕ, ಸೀರೆಯಲ್ಲಿ ಪೂರ್ತಿ ನಿಲುವು, ಚೂಡಿದಾರದಲ್ಲಿ ಒಂದು. ಮದುವೆ ಆಲ್ಬಮ್ಮಿನ ಥರ ಬೆಳ್ಳಗೆ ಮಾಡಿಸಿದ ಫೋಟೊ ಕಳಿಸಿದರೆ ಎದುರು ಕಂಡಾಗ ‘ಫೋಟೊದಲ್ಲಿ ಇದ್ದವರು ಬೇರೆ’ ಎಂದಾಗುತ್ತದೆ. ಬರುವ ಕೆಲಸಗಳನ್ನು ಬರೆಯಿರಿ. ಸ್ಕೂಟರ್, ಈಜು, ಕೋಲಾಟ, ರಂಗೋಲಿ, ಹಾಲು ಕರೆಯುವುದು, ಯಾವುದೂ ಸಣ್ಣದಲ್ಲ.

ಎದುರಾಎದುರು ಕರೆದಾಗ ದೂರದ ಲೆಕ್ಕ ಹಾಕಿ. ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್. ಶ್ರವಣಬೆಳಗೊಳ, ಕುಣಿಗಲ್ ಮೇಲೆ 2017ರಲ್ಲಿ ರೈಲೂ ಆಯಿತು. ಚಿಕ್ಕಮಗಳೂರಿನಿಂದ ರಸ್ತೆಯಲ್ಲಿ 240 ಕಿಲೋಮೀಟರ್ ಆಸುಪಾಸು. ರಾತ್ರಿ ಬಸ್ಸಿನಲ್ಲಿ ಕೂತು ಬೆಳಿಗ್ಗೆ 10ಕ್ಕೆ ಆಡಿಷನ್ ಕೊಟ್ಟರೆ ಊದಿದ ಕಣ್ಣು, ಒಣಗಿದ ಗಂಟಲು ಎರಡೂ ಟೇಪಿನಲ್ಲಿ ಕೂರುತ್ತವೆ. ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲೋ ಗೆಳತಿಯ ರೂಮಿನಲ್ಲೋ ಇದ್ದು ನಿದ್ದೆ ಮಾಡಿ.

ಸೆಟ್ಟಿನಲ್ಲಿ

ಧಾರಾವಾಹಿಯ ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ 20–22 ನಿಮಿಷದ ದೃಶ್ಯ ಬೇಕು, ವಾರಕ್ಕೆ ಐದಾರು ಕಂತು. ಹಾಗಾಗಿ ಎಲ್ಲವೂ ಓಟ. ದೃಶ್ಯದ ಹಾಳೆ ಎಷ್ಟೋ ಸಲ ಅದೇ ಬೆಳಿಗ್ಗೆ ಕೈಗೆ ಬರುತ್ತದೆ. ಸಿನಿಮಾದಲ್ಲಿ ಒಂದು ದಿನಕ್ಕೆ ಒಂದೆರಡು ದೃಶ್ಯ, ಆದರೆ ಕಾಯುವುದು ಹೆಚ್ಚು. ಧಾರಾವಾಹಿಗೆ ಬೇಗ ನೆನಪಿಡುವ ತಲೆ ಬೇಕು, ಸಿನಿಮಾಕ್ಕೆ ಏಳು ಗಂಟೆ ಕಾದ ಮೇಲೂ ಆರದ ಭಾವ ಬೇಕು.

ಕಂಟಿನ್ಯುಟಿ ಅನ್ನುವ ಪದ ಮೊದಲ ದಿನವೇ ಕಿವಿಗೆ ಬೀಳುತ್ತದೆ. ಅದರ ಅರ್ಥ ಒಂದು ಕಾಫಿ ಲೋಟದಲ್ಲಿದೆ. ದೃಶ್ಯ ಹೀಗಿದೆ ಅಂದುಕೊಳ್ಳಿ: ಅತ್ತೆ ಹಜಾರದ ಬೆಂಚಿನ ಮೇಲೆ ಕೂತಿದ್ದಾಳೆ. ಸೊಸೆ ಕಾಫಿ ಕೊಟ್ಟು, “ಅತ್ತೆ, ನಾಳೆ ದೊಡ್ಡಪ್ಪ ಬರ್ತಾರಂತೆ” ಅನ್ನುತ್ತಾಳೆ. ಆ ದೊಡ್ಡಪ್ಪನ ಜೊತೆ ಅತ್ತೆಗೆ ಹತ್ತು ವರ್ಷದಿಂದ ಮಾತಿಲ್ಲ. ಅತ್ತೆಯ ಉತ್ತರ ಒಂದೇ: “ಬರ್ಲಿ. ಅವ್ರ ಮನೆ ತಾನೆ.” ನೀವು ಅತ್ತೆ.

ಇಡೀ ದೃಶ್ಯ ಒಟ್ಟಿಗೆ ಕಾಣುವ ಮಾಸ್ಟರ್ ಶಾಟ್‌ನಲ್ಲಿ ಬಲಗೈಯಲ್ಲಿ ಲೋಟ ತೆಗೆದುಕೊಂಡಿರಿ, ಒಂದು ಗುಟುಕು ಕುಡಿದಿರಿ. ಎರಡನೇ ಗುಟುಕಿಗೆ ಎತ್ತಿದ ಲೋಟ ‘ದೊಡ್ಡಪ್ಪ’ ಎಂಬ ಪದಕ್ಕೆ ತುಟಿಯ ಹತ್ತಿರ ನಿಂತಿತು. ಮೆಲ್ಲಗೆ ತೊಡೆಯ ಮೇಲಿಳಿಯಿತು. ಎಡಗೈ ಸೆರಗಿನ ಅಂಚಿಗೆ ಹೋಯಿತು. ಆಮೇಲೆ ಮಾತು. ಚೆನ್ನಾಗಿ ಬಂತು. ಈಗ ಲೈಟ್ ಬದಲಾಯಿಸಿ, ಸೊಸೆಯ ಭುಜದ ಮೇಲಿನಿಂದ ಸಜೆಷನ್ ಶಾಟ್, ಕೊನೆಗೆ ನಿಮ್ಮ ಕ್ಲೋಸಪ್. ನಡುವೆ ಅರ್ಧ ಗಂಟೆ ಹೋಗಿರುತ್ತದೆ. ಕ್ಲೋಸಪ್‌ನಲ್ಲಿ ನಿಮ್ಮ ಲೋಟ ‘ಬರ್ತಾರಂತೆ’ಗೆ ನಿಂತರೆ ಸಂಕಲನಕಾರರು ಎರಡನ್ನೂ ಜೋಡಿಸಲಾರರು. ನಿಮ್ಮ ಒಳ್ಳೆಯ ಕ್ಲೋಸಪ್ ಬಿಟ್ಟು ಸೊಸೆಯ ಮುಖ ಹಾಕುತ್ತಾರೆ. ಹೊಸಬರಿಗೆ ‘ನನ್ನ ಶಾಟ್ ಯಾಕೆ ಬಂದಿಲ್ಲ’ ಅನ್ನುವ ಬೇಸರ ಬರುವುದು ಸಾಮಾನ್ಯ, ಕಾರಣ ಹೆಚ್ಚಿನ ಸಲ ಇದೇ.

ಹಾಗಾಗಿ ಕೆಲವು ರೂಢಿ ಮಾಡಿಕೊಳ್ಳಿ. ಕೈಯ ಪ್ರತಿಯೊಂದು ಕೆಲಸವನ್ನೂ ಒಂದು ಪದಕ್ಕೆ ಕಟ್ಟಿ, ಹಾಳೆಯಲ್ಲಿ ಆ ಪದದ ಕೆಳಗೆ ಗೆರೆ ಎಳೆಯಿರಿ. ಕೈಗೆಲಸ ಎರಡು ಮೂರಕ್ಕಿಂತ ಹೆಚ್ಚು ಬೇಡ, ಹೆಚ್ಚಾದಷ್ಟೂ ಮರೆಯುತ್ತದೆ. ಪ್ರತಿ ಟೇಕ್ ಮುಂಚೆ ಲೋಟದಲ್ಲಿ ಎಷ್ಟಿತ್ತು ಎಂದು ನಿರ್ದೇಶಕರ ಅಸೋಸಿಯೇಟ್‌ಗೆ ನೆನಪಿಸಿ ಅಷ್ಟಕ್ಕೆ ತುಂಬಿಸಿಕೊಳ್ಳಿ. ಖಾಲಿ ಲೋಟ ಯಾವತ್ತೂ ಹಿಡಿಯಬೇಡಿ. ಖಾಲಿ ಲೋಟ ಎತ್ತುವ ಮಣಿಕಟ್ಟು ಹಗುರವಾಗಿ ಮೇಲೇಳುತ್ತದೆ, ನೋಡುವವರಿಗೆ ಯಾಕೆ ಅಂತ ಗೊತ್ತಾಗದಿದ್ದರೂ ನಂಬಿಕೆ ಬರುವುದಿಲ್ಲ. ಕ್ಲೋಸಪ್‌ನಲ್ಲಿ ಕೈ ಕಾಣುವುದಿಲ್ಲವಾದರೂ ಲೋಟ ಇಳಿಸುವುದನ್ನು ಬಿಡಬೇಡಿ. ಕೈ ಇಳಿದಾಗ ಭುಜ ಇಳಿಯುತ್ತದೆ, ಉಸಿರು ಬದಲಾಗುತ್ತದೆ, ಅದು ಕಣ್ಣಲ್ಲಿ ಕಾಣುತ್ತದೆ.

ಧಾರಾವಾಹಿಯಲ್ಲಿ ಪಕ್ಕದಿಂದ ಸಂಭಾಷಣೆ ಹೇಳಿಕೊಡುವ ಪದ್ಧತಿಯಿದೆ. ಮೊದಲ ವಾರ ಅದು ವರ. ಆಮೇಲೆ ಕಿವಿ ಆ ದನಿಗೆ ಕಾಯುತ್ತದೆ, ಎದುರಿನ ಪಾತ್ರಧಾರಿಯ ಮಾತು ಕಿವಿಗೆ ಬೀಳುವುದೇ ಇಲ್ಲ, ಕಣ್ಣು ಸತ್ತಂತೆ ಕಾಣುತ್ತದೆ. ಹಾಳೆ ಸಿಕ್ಕಿದ ಕೂಡಲೇ ನಿಮ್ಮ ಮಾತಿಗಿಂತ ಮೊದಲು ಎದುರಿನವರ ಕೊನೆಯ ಪದ ನೆನಪಿಟ್ಟುಕೊಳ್ಳಿ, ನಿಮ್ಮ ಮಾತು ಅದರ ಹಿಂದೆ ಬರುತ್ತದೆ. ಮಾತಿಲ್ಲದ ರಿಯಾಕ್ಷನ್ ಶಾಟ್‌ನಲ್ಲಿ ಮೂರು ನಾಲ್ಕು ಸೆಕೆಂಡ್ ಮುಖ ಹಿಡಿದಿಟ್ಟುಕೊಳ್ಳಬೇಕಾಗುತ್ತದೆ. ಹುಬ್ಬೇರಿಸಿ ನಿಲ್ಲಿಸಿದರೆ ಗೊಂಬೆ. ಮನಸ್ಸಿನಲ್ಲಿ ಒಂದು ಪೂರ್ತಿ ವಾಕ್ಯ ಹೇಳಿಕೊಳ್ಳಿ: ‘ಇವಳಿಗೆ ಹೇಗೆ ಗೊತ್ತಾಯ್ತು?’ ಮುಖ ತಾನಾಗಿ ಜೀವಂತವಿರುತ್ತದೆ.

ಕಣ್ಣೀರಿಗೆ ಗ್ಲಿಸರಿನ್ ಕೊಡುತ್ತಾರೆ. ಕಣ್ಣೊಳಗೆ ನೇರ ಬಿಟ್ಟುಕೊಂಡರೆ ಉರಿ, ಮೂರನೇ ಟೇಕಿಗೆ ಕಣ್ಣು ಕೆಂಪು, ಆ ಕೆಂಪು ಮುಂದಿನ ದೃಶ್ಯಕ್ಕೂ ಬಂದು ಕಂಟಿನ್ಯುಟಿ ಹಾಳು. ಕೈ ತೊಳೆದುಕೊಂಡು ಕೆಳರೆಪ್ಪೆಯ ಹೊರ ಅಂಚಿನ ಕೆಳಗೆ ಮಾತ್ರ ಒಂದು ಸವರು ಸವರಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಬಳಸಲೇಬಾರದು. ಅತ್ತು ಸುರಿಸುವುದಕ್ಕಿಂತ ಬರುವ ಅಳುವನ್ನು ತಡೆಯುವುದು ಕ್ಯಾಮೆರಾದಲ್ಲಿ ಹೆಚ್ಚು ಮುಟ್ಟುತ್ತದೆ. ಮೂಗಿನಿಂದ ನಿಧಾನ ಉಸಿರೆಳೆದು, ಗಂಟಲಲ್ಲಿ ನಿಲ್ಲಿಸಿ, ಮಾತನ್ನು ಸರಿಯಾಗಿ ಹೇಳಲು ಯತ್ನಿಸಿ.

ಡಬ್ಬಿಂಗಿನಲ್ಲಿ ಎಲ್ಲ ಅಕ್ಷರವನ್ನೂ ತುಟಿಗೆ ಹೊಂದಿಸಲು ಒದ್ದಾಡಬೇಡಿ. ಪ, ಬ, ಮ ಬರುವ ಕಡೆ ತುಟಿ ಮುಚ್ಚುತ್ತದೆ. ಆ ಮೂರು ಸರಿಯಾಗಿ ಕೂತರೆ ಉಳಿದದ್ದು ಕಣ್ಣು ಕ್ಷಮಿಸುತ್ತದೆ. ದೃಶ್ಯದಲ್ಲಿ ನಡೆಯುತ್ತಿದ್ದರೆ ಮೈಕಿನ ಮುಂದೆಯೂ ನಿಂತಲ್ಲೇ ಮೈ ಆಡಿಸಿ, ಇಲ್ಲದಿದ್ದರೆ ದನಿ ಕುರ್ಚಿಯಲ್ಲಿ ಕೂತಂತೆ ಕೇಳುತ್ತದೆ.

ದುಡ್ಡು, ಕಾಗದ, ರಕ್ಷಣೆ

ಪಾತ್ರಕ್ಕೆ ನೀವು ದುಡ್ಡು ಕೊಡುವ ಪ್ರಶ್ನೆಯೇ ಇಲ್ಲ. ‘ನೋಂದಣಿ’, ‘ಆರ್ಟಿಸ್ಟ್ ಕಾರ್ಡ್’, ‘ಪೋರ್ಟ್‌ಫೋಲಿಯೊ ಇಲ್ಲೇ ಮಾಡಿಸಬೇಕು’ ಎಂದು ಕೇಳಿದವರ ನಂಬರ್ ಅಲ್ಲಿಗೇ ಬಿಡಿ. ಆಡಿಷನ್ ಅಂದರೆ ಕಚೇರಿ, ಸ್ಟುಡಿಯೊ, ಇಲ್ಲವೇ ಸೆಟ್. ಹೋಟೆಲ್ ರೂಮ್ ಅಲ್ಲ. ಧಾರಾವಾಹಿಯ ಹೆಸರು, ವಾಹಿನಿ, ನಿರ್ಮಾಣ ಸಂಸ್ಥೆ, ಪ್ರೊಡಕ್ಷನ್ ಮ್ಯಾನೇಜರ್ ಹೆಸರು ನಾಲ್ಕನ್ನೂ ಕೇಳಿ, ಬೇರೆ ದಾರಿಯಿಂದ ಖಚಿತ ಮಾಡಿಕೊಂಡು, ಮನೆಯವರಿಗೆ ವಿಳಾಸ ಕಳಿಸಿ ಹೋಗಿ.

ಧಾರಾವಾಹಿಯಲ್ಲಿ ಸಾಮಾನ್ಯವಾಗಿ ದಿನದ ಲೆಕ್ಕದ ಸಂಭಾವನೆ. ಒಪ್ಪಂದದಲ್ಲಿ ಇವು ಬರೆದಿರಬೇಕು: ದಿನಕ್ಕೆ ಎಷ್ಟು, ಒಂದು ದಿನ ಎಂದರೆ ಎಷ್ಟು ಗಂಟೆ, ತಿಂಗಳಿಗೆ ಕನಿಷ್ಠ ಎಷ್ಟು ದಿನ, ಹಣ ಎಷ್ಟು ದಿನದೊಳಗೆ, ಸೀರೆ ಒಡವೆ ಯಾರದು, ರಾತ್ರಿ ತಡವಾದರೆ ಗಾಡಿ ಯಾರದು, ಬೇರೆ ವಾಹಿನಿಯಲ್ಲಿ ಅಥವಾ ಸಿನಿಮಾದಲ್ಲಿ ನಟಿಸಬಹುದೇ, ಪಾತ್ರದಿಂದ ತೆಗೆದರೆ ಅಥವಾ ನೀವೇ ಬಿಟ್ಟರೆ ಎಷ್ಟು ದಿನದ ಮುನ್ಸೂಚನೆ. ಬೇರೆಡೆ ನಟಿಸಬಾರದೆಂಬ ಷರತ್ತನ್ನು ಎರಡು ಸಲ ಓದಿ. ಒಳ್ಳೆಯ ಸಿನಿಮಾ ಪಾತ್ರ ಬಂದಾಗ ಕೈ ಕಟ್ಟಿಹಾಕುವುದು ಅದೇ. ಉಡುಪು ನಿಮ್ಮದೇ ಎಂದಾದರೆ ಮೊದಲ ಎರಡು ತಿಂಗಳ ಸಂಭಾವನೆಯ ದೊಡ್ಡ ಪಾಲು ಸೀರೆಗೇ ಹೋಗುತ್ತದೆ, ಅದನ್ನು ಸೇರಿಸಿಯೇ ದಿನದ ಲೆಕ್ಕ ಮಾತಾಡಿ.

ಹಣ ಒಂದೆರಡು ತಿಂಗಳು ತಡವಾಗಿ ಬರುವುದು ಮಾಮೂಲು. ಬೆಂಗಳೂರಿಗೆ ಹೋಗುವ ಮುಂಚೆ ಆರು ತಿಂಗಳ ಬಾಡಿಗೆ, ಊಟದ ಖರ್ಚು ಕೈಯಲ್ಲಿರಲಿ. ಹೋದ ತಾರೀಕು, ಸೆಟ್ಟಿಗೆ ತಲುಪಿದ ಹೊತ್ತು, ಬಿಟ್ಟ ಹೊತ್ತು ಡೈರಿಯಲ್ಲಿ ಬರೆದಿಡಿ. ಸಂಭಾವನೆಯಲ್ಲಿ ಶೇ 10ರಷ್ಟು ಟಿಡಿಎಸ್, ಅಂದರೆ ಕೊಡುವ ಮೊದಲೇ ಕಡಿದುಕೊಳ್ಳುವ ತೆರಿಗೆ, ಹಿಡಿಯುವುದು ಸಾಮಾನ್ಯ, ಪ್ಯಾನ್ ಕೊಡದಿದ್ದರೆ ಇನ್ನೂ ಹೆಚ್ಚು. ಹಿಡಿದದ್ದು ನಿಮ್ಮ ಪ್ಯಾನ್ ಹೆಸರಲ್ಲಿ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿ, ವರ್ಷಕ್ಕೊಮ್ಮೆ ರಿಟರ್ನ್ ಹಾಕಿ. ಆದಾಯ ಕಡಿಮೆಯಿದ್ದರೆ ಆ ಹಣ ವಾಪಸ್ ಬರುತ್ತದೆ.

ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆ ಇದೆ, ಶೂಟಿಂಗ್ ಸೆಟ್ಟೂ ಕೆಲಸದ ಸ್ಥಳವೇ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಲೇಬೇಕು. ಇಲ್ಲದ ಕಡೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆಯಾದ ಮೂರು ತಿಂಗಳೊಳಗೆ, ಬರಹದಲ್ಲಿ. ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಮೆಸೇಜ್ ಅಳಿಸಬೇಡಿ. ತಕ್ಷಣದ ನೆರವಿಗೆ 112, ಮಹಿಳಾ ಸಹಾಯವಾಣಿ 181. ಸೆಟ್ಟಿಗೆ ಹೋದ ಮೊದಲ ದಿನ ‘ಸಮಿತಿಯಲ್ಲಿ ಯಾರಿದ್ದಾರೆ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಒಂದೇ ಪಾತ್ರದಲ್ಲಿ ಸಿಕ್ಕಿಕೊಂಡರೆ

ಧಾರಾವಾಹಿಯೊಂದು ಎರಡು ಮೂರು ವರ್ಷ ಓಡಿತೆಂದರೆ ಜನ ಹಾಸನದ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲೂ ನಿಮ್ಮನ್ನು ಪಾತ್ರದ ಹೆಸರಿನಿಂದ ಕರೆಯುತ್ತಾರೆ. ಸಂತೋಷದ ಮಾತೇ. ಆದರೆ ಮುಂದಿನ ಕರೆಗಳೆಲ್ಲ ಅದೇ ಅಳುವ ಸೊಸೆಗೆ, ಅದೇ ಕೆಟ್ಟ ನಾದಿನಿಗೆ ಬರುತ್ತವೆ. ಒಂದೇ ಬಗೆಯ ಪಾತ್ರವನ್ನು ಎರಡು ಸಲ ಮಾಡಿ, ಮೂರನೆಯದಕ್ಕೆ ಆಗಲ್ಲ ಎನ್ನಿ. ಅದಕ್ಕಾಗಿಯೇ ಆ ಆರು ತಿಂಗಳ ಖರ್ಚಿನ ಹಣ ಮತ್ತೆ ಮತ್ತೆ ತುಂಬಿಸಿಡಬೇಕು. ಮೂವತ್ತಕ್ಕೇ ತಾಯಿ ಪಾತ್ರ ಬಂದರೆ ವಯಸ್ಸು ನೋಡಿ ಹಿಂಜರಿಯಬೇಡಿ, ಆ ತಾಯಿಗೆ ದೃಶ್ಯದಲ್ಲಿ ತಾನೇ ತೀರ್ಮಾನ ಮಾಡುವ ಜಾಗ ಒಂದಾದರೂ ಇದೆಯೇ ನೋಡಿ. ಇದ್ದರೆ ಮಾಡಿ. ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವುದಷ್ಟೇ ಇದ್ದರೆ ಹತ್ತು ಸಾವಿರ ಹೆಚ್ಚು ಕೊಟ್ಟರೂ ಬಿಡಿ.

ಧಾರಾವಾಹಿ ಮುಗಿದ ವಾರವೇ ಹೊಸ ಆಡಿಷನ್‌ಗೆ ಹೋಗಬೇಡಿ. ಊರಿಗೆ ಬಂದು ಒಂದು ತಿಂಗಳು ಇರಿ. ಹತ್ತು–ಅತ್ತು, ಹುಳಿ–ಹುಲಿ ಮತ್ತೆ ಮೊದಲಿಂದ. ಸಾಧ್ಯವಾದರೆ ಒಂದು ನಾಟಕ. ಆಮೇಲೆ “ನೀನು ಬಂದ್ಯಾ?” ಅನ್ನು ನಾಲ್ಕು ಹೆಂಗಸರ ದನಿಯಲ್ಲಿ ರೆಕಾರ್ಡ್ ಮಾಡಿ ಮನೆಯವರಿಗೆ ಕೇಳಿಸಿ. ನಾಲ್ಕರಲ್ಲಿ ಯಾವುದಾದರೂ ಒಂದನ್ನು ಕೇಳಿ ಅವರು ಧಾರಾವಾಹಿಯ ಪಾತ್ರದ ಹೆಸರು ಹೇಳಿದರೆ ಟೇಪ್ ಇನ್ನೂ ಕಳಿಸಬೇಡಿ. ಮತ್ತೆ ಹದಿನೈದು ದಿನ ಸಂತೆಗೆ ಹೋಗಿ ನಿಂತು ಕೇಳಿ.